ಹಣ್ಣಿನ ಪೋಸ್ಟ್ ಹಾಕುತ್ತಲೇ ಇದ್ದೇನೆ, ಹುಡುಕಿದವರಿಗೆ ಮಾತ್ರ ಸಿಗುತ್ತಿಲ್ಲ

ಪ್ರಶ್ನೆ: ನಮ್ಮದು ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲ್ಲೂಕಿನ ಒಂದು ಹಳ್ಳಿ. ಆರು ಎಕರೆ ಮಾವಿನ ತೋಟವಿದೆ. ಅರ್ಧಕ್ಕಿಂತ ಹೆಚ್ಚು ತೋತಾಪುರಿ, ಉಳಿದದ್ದು ಬಾದಾಮಿ, ರಸಪುರಿ, ಸ್ವಲ್ಪ ಮಲ್ಲಿಕಾ. 2025ರಲ್ಲಿ ತೋತಾಪುರಿ ಬೆಲೆ ಬಿದ್ದ ಮೇಲೆ ಮಂಡಿಯೊಂದನ್ನೇ ನಂಬಿ ಕೂರುವುದು ಬೇಡವೆಂದು ಬೆಂಗಳೂರಿನವರಿಗೆ ನೇರವಾಗಿ ಬಾಕ್ಸ್ ಕಳುಹಿಸತೊಡಗಿದೆವು. ಇನ್‌ಸ್ಟಾಗ್ರಾಂ ಮತ್ತು ಫೇಸ್‌ಬುಕ್‌ನಲ್ಲಿ ನಾನೇ ಪೋಸ್ಟ್ ಹಾಕುತ್ತೇನೆ. ಮೊದಲು ಒಂದೊಂದಕ್ಕೂ ಇಪ್ಪತ್ತೈದು, ಮೂವತ್ತು ಹ್ಯಾಶ್‌ಟ್ಯಾಗ್ ಹಾಕುತ್ತಿದ್ದೆ. ಈಗ ಐದಕ್ಕಿಂತ ಹೆಚ್ಚು ಹಾಕಲು ಬಿಡುತ್ತಿಲ್ಲ. ಲೈಕ್‌ಗಳೂ ಕಡಿಮೆಯಾಗಿವೆ. ಹೋದ ಹಂಗಾಮಿನಲ್ಲಿ ಹಣ್ಣು ತೆಗೆದುಕೊಂಡಿದ್ದ ಒಬ್ಬರು, ‘ಈ ಸಲ ಎಷ್ಟು ಹುಡುಕಿದರೂ ನೀವು ಸಿಗಲಿಲ್ಲ, ಬೇರೆಯವರ ಹತ್ತಿರ ತರಿಸಿಕೊಂಡೆವು’ ಎಂದರು. ನನ್ನ ಮೊಬೈಲ್‌ನಲ್ಲಿ ಹುಡುಕಿದರೆ ನಮ್ಮ ಖಾತೆಯೇ ಮೊದಲು ಬರುತ್ತದೆ! ನಮ್ಮ ಖಾತೆಗೆ ‘ಶ್ಯಾಡೋ ಬ್ಯಾನ್’ ಆಗಿದೆ, ಅಂದರೆ ನಮಗೆ ತಿಳಿಸದೆಯೇ ನಮ್ಮ ಪೋಸ್ಟ್‌ಗಳನ್ನು ಬೇರೆಯವರಿಗೆ ಕಾಣದಂತೆ ಮಾಡಿದ್ದಾರೆ, ಹೊಸದು ತೆರೆಯಿರಿ ಎಂದು ಮೈದುನ ಹೇಳುತ್ತಾನೆ. ಬೆಂಗಳೂರಿನ ಒಂದು ಏಜೆನ್ಸಿಯವರು ಹದಿನೈದು ಸಾವಿರ ಕೊಟ್ಟರೆ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ, ಗ್ಯಾರಂಟಿ ಎನ್ನುತ್ತಿದ್ದಾರೆ. ಕೊಡಬಹುದೇ? ಕನ್ನಡದಲ್ಲಿ ಬರೆಯಬೇಕೋ ಇಂಗ್ಲಿಷಿನಲ್ಲೋ? ಮಾದರಿಗೆ ಮೂರು ಪೋಸ್ಟ್ ಕಳುಹಿಸಿದ್ದೇನೆ.

ಉತ್ತರ: ಹದಿನೈದು ಸಾವಿರವನ್ನು ಸದ್ಯಕ್ಕೆ ಕೊಡಬೇಡಿ. ಕಾರಣವನ್ನು ಆಮೇಲೆ ಹೇಳುತ್ತೇನೆ.

ನಿಮ್ಮ ಪತ್ರದಲ್ಲಿ ಎರಡು ದೂರುಗಳು ಒಂದಕ್ಕೊಂದು ಹೆಣೆದುಕೊಂಡಿವೆ. ಲೈಕ್ ಕಡಿಮೆಯಾಗಿದೆ ಎನ್ನುವುದು ಒಂದು, ಬೇಕೆಂದು ಹುಡುಕಿದವರಿಗೂ ಸಿಗುತ್ತಿಲ್ಲ ಎನ್ನುವುದು ಇನ್ನೊಂದು. ಮೊದಲನೆಯದು, ಸುಮ್ಮನೆ ಮೊಬೈಲ್ ಉಜ್ಜುತ್ತಾ ಕುಳಿತವರ ಪರದೆಗೆ ನಿಮ್ಮ ಪೋಸ್ಟ್ ತಾನಾಗಿ ಬರುತ್ತದೆಯೋ ಇಲ್ಲವೋ ಎಂಬ ಸಂಗತಿ. ಎರಡನೆಯದು, ಒಬ್ಬರು ‘ಕೋಲಾರ ಮಾವು’ ಎಂದು ಟೈಪ್ ಮಾಡಿದ ಗಳಿಗೆಯಲ್ಲಿ ನೀವು ಅಲ್ಲಿ ಇದ್ದೀರೋ ಇಲ್ಲವೋ ಎಂಬುದು. ಇವೆರಡರ ಲೆಕ್ಕಾಚಾರ ಬೇರೆ, ಮದ್ದೂ ಬೇರೆ. ವರ್ಷದಲ್ಲಿ ಎರಡು, ಮೂರು ತಿಂಗಳು ಮಾತ್ರ ಮಾರುವ ನಿಮಗೆ ಎರಡನೆಯದೇ ಮುಖ್ಯ. ಲೈಕ್ ಒತ್ತುವವರಲ್ಲಿ ಬಹುಪಾಲು ನೆಂಟರು, ಹಳೆಯ ಸಹಪಾಠಿಗಳು, ಪಕ್ಕದ ತೋಟದವರು. ಅವರು ಹಣ್ಣು ಕೊಳ್ಳುವುದಿಲ್ಲ, ಅವರ ಮನೆಯಲ್ಲೇ ಬೇಕಾದಷ್ಟು ಇರುತ್ತದೆ. ಮೇ ತಿಂಗಳಲ್ಲಿ ಹುಡುಕಾಟದ ಪೆಟ್ಟಿಗೆಯಲ್ಲಿ ಹಣ್ಣಿನ ಹೆಸರು ಬರೆಯುವವರು ಮಾತ್ರ ಕೊಳ್ಳಲೆಂದೇ ಬಂದವರು.

ಮೊದಲು ನಿಮ್ಮ ಮೊಬೈಲ್‌ನ ಸಾಕ್ಷಿಯನ್ನು ಬದಿಗಿಡಿ. ಹುಡುಕಾಟದ ಫಲಿತಾಂಶ ಎಲ್ಲರಿಗೂ ಒಂದೇ ರೀತಿ ಬರುವುದಿಲ್ಲ. ನೀವು ಯಾವ ಖಾತೆಗಳನ್ನು ನೋಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಎಂಬುದನ್ನೆಲ್ಲ ಇನ್‌ಸ್ಟಾಗ್ರಾಂ ಲೆಕ್ಕಕ್ಕೆ ಹಿಡಿಯುತ್ತದೆ. ದಿನಕ್ಕೆ ಹತ್ತು ಸಲ ನಿಮ್ಮ ಖಾತೆಯನ್ನೇ ತೆರೆಯುವ ನಿಮಗೆ ಅದು ಮೊದಲು ಕಾಣುವುದರಲ್ಲಿ ಆಶ್ಚರ್ಯವೇನಿಲ್ಲ. ನಿಮ್ಮನ್ನು ಎಂದೂ ನೋಡಿರದ, ಬೆಂಗಳೂರಿನಲ್ಲಿರುವ ಪರಿಚಯದವರೊಬ್ಬರಿಗೆ ಹೇಳಿ ಅವರ ಮೊಬೈಲ್‌ನಲ್ಲಿ ಹುಡುಕಿಸಿ, ಪರದೆಯ ಚಿತ್ರ ಕಳುಹಿಸಲು ಕೇಳಿ. ಏನೆಂದು ಟೈಪ್ ಮಾಡಬೇಕೆಂದು ಮಾತ್ರ ನೀವು ಹೇಳಿಕೊಡಬೇಡಿ. ‘ಮಾವಿನ ಹಣ್ಣು ತರಿಸಿಕೊಳ್ಳಬೇಕು, ಹುಡುಕು’ ಎಂದಷ್ಟೇ ಹೇಳಿ. ಅವರು ಯಾವ ಪದ ಬಳಸಿದರು ಎಂಬುದು ನಿಮಗೆ ಯಾವ ಏಜೆನ್ಸಿಯ ವರದಿಗಿಂತಲೂ ಹೆಚ್ಚು ಕಲಿಸುತ್ತದೆ.

ಮೈದುನನ ಶ್ಯಾಡೋ ಬ್ಯಾನ್ ವಿಚಾರವನ್ನು ಊಹೆಗೆ ಬಿಡಬೇಕಿಲ್ಲ. ಇನ್‌ಸ್ಟಾಗ್ರಾಂ ಸೆಟ್ಟಿಂಗ್ಸ್‌ನಲ್ಲಿ ‘ಅಕೌಂಟ್ ಸ್ಟೇಟಸ್’ ಎಂಬ ಜಾಗವಿದೆ. ನಿಯಮ ಮೀರಿದ್ದಕ್ಕೆ ಯಾವುದಾದರೂ ಪೋಸ್ಟ್ ತೆಗೆದಿದ್ದರೆ, ನಿಮ್ಮ ಪೋಸ್ಟ್‌ಗಳನ್ನು ಹೊಸಬರಿಗೆ ತೋರಿಸುವುದನ್ನು ನಿಲ್ಲಿಸಿದ್ದರೆ ಅಲ್ಲಿ ಬರೆದಿರುತ್ತದೆ; ತಪ್ಪಾಗಿದೆ ಎನಿಸಿದರೆ ಮರುಪರಿಶೀಲನೆಗೂ ಅಲ್ಲೇ ಕೇಳಬಹುದು. ಎಲ್ಲ ಹಸಿರು ಗುರುತು ಇದ್ದರೆ ಆ ಮಾತು ಅಲ್ಲಿಗೆ ಬಿಡಿ. ಹೊಸ ಖಾತೆಯನ್ನಂತೂ ತೆರೆಯಬೇಡಿ. ಹಳೆಯ ಗ್ರಾಹಕರು ನಿಮ್ಮನ್ನು ಹುಡುಕಲು ಇರುವ ದಾರಿಯನ್ನೇ ನೀವು ಕಿತ್ತುಹಾಕಿದಂತಾಗುತ್ತದೆ. ಈ ಭಾಗದಲ್ಲಿ ಸಣ್ಣ ಮಾರಾಟಗಾರರ ಜೊತೆ ಕೆಲಸ ಮಾಡುವಾಗ ನನ್ನ ಬಳಿ ‘ಬ್ಯಾನ್ ಆಗಿದೆ’ ಎಂದು ಬರುವವರಲ್ಲಿ ಹೆಚ್ಚಿನವರದು ಬ್ಯಾನ್ ಆಗಿರುವುದಿಲ್ಲ, ಹುಡುಕಲು ಬೇಕಾದ ಪದವೇ ಖಾತೆಯಲ್ಲಿ ಎಲ್ಲೂ ಇರುವುದಿಲ್ಲ.

ಹ್ಯಾಶ್‌ಟ್ಯಾಗ್ ಕುರಿತು ಬೇಸರ ಪಡಬೇಡಿ. ಮೂವತ್ತರ ಮಿತಿ ಇದ್ದ ಕಾಲದಲ್ಲೇ, 2021ರಲ್ಲಿ, ಮೂರರಿಂದ ಐದು ಸಾಕು ಎಂದು ಇನ್‌ಸ್ಟಾಗ್ರಾಂನವರೇ ಸಲಹೆ ಕೊಟ್ಟಿದ್ದರು. ಹ್ಯಾಶ್‌ಟ್ಯಾಗ್‌ಗಳನ್ನು ‘ಫಾಲೋ’ ಮಾಡುವ ಸೌಲಭ್ಯವನ್ನು 2024ರ ಡಿಸೆಂಬರ್‌ನಲ್ಲಿ ತೆಗೆದರು, ಆಮೇಲೆ ಮಿತಿಯನ್ನೂ ಇಳಿಸಿದರು. ಹ್ಯಾಶ್‌ಟ್ಯಾಗ್ ಈಗ ಪೋಸ್ಟ್ ಯಾವ ವಿಷಯದ್ದು ಎಂದು ಗುರುತಿಸುವ ಚೀಟಿ ಮಾತ್ರ. ಬರೀ ‘ಮಾವು’ ಅಥವಾ ‘ಆಹಾರ’ ಎಂಬ ಚೀಟಿಯಡಿ ಲೋಕದ ಪೋಸ್ಟ್‌ಗಳೆಲ್ಲ ಬಿದ್ದಿರುತ್ತವೆ. ‘ಕೋಲಾರಮಾವು’, ‘ಬಾದಾಮಿಮಾವು’ ಎಂಬಂಥ ನಾಲ್ಕೈದು ಕರಾರುವಾಕ್ಕಾದ ಚೀಟಿಗಳೇ ಮೇಲು. ಪ್ರತಿದಿನ ಪೋಸ್ಟ್ ಹಾಕಿದರೆ ಹುಡುಕಾಟದಲ್ಲಿ ಮೇಲೆ ಬರುತ್ತೀರಿ ಎನ್ನುವುದಕ್ಕೂ ಆಧಾರವಿಲ್ಲ.

ಹಾಗಾದರೆ ಹುಡುಕಾಟ ಎಲ್ಲಿ ನೋಡುತ್ತದೆ? ಒಬ್ಬರು ಟೈಪ್ ಮಾಡಿದ ಪದವನ್ನು ಇನ್‌ಸ್ಟಾಗ್ರಾಂ ಖಾತೆಯ ಹೆಸರು, ಬಯೋ (ಖಾತೆಯ ಕಿರುಪರಿಚಯ), ಕ್ಯಾಪ್ಷನ್ (ಚಿತ್ರದ ಕೆಳಗೆ ಬರೆಯುವ ಮಾತು), ಹ್ಯಾಶ್‌ಟ್ಯಾಗ್, ಸ್ಥಳದ ಗುರುತು ಇವುಗಳ ಜೊತೆ ಹೋಲಿಸಿ ನೋಡುತ್ತದೆ. ಹೊಂದಿಕೆಯಾದವುಗಳಲ್ಲಿ ಯಾವುದನ್ನು ಮೇಲಿಡಬೇಕು ಎಂಬುದಕ್ಕೆ ಜನಪ್ರಿಯತೆ, ಹುಡುಕುವವರ ಅಭ್ಯಾಸ ಇತ್ಯಾದಿ ಬರುತ್ತವೆ. ಹೊಂದಿಕೆಯೇ ಆಗದಿದ್ದರೆ ಜನಪ್ರಿಯತೆಯ ಮಾತೆಲ್ಲಿ ಬಂತು?

ಈಗ ನೀವು ಕಳುಹಿಸಿದ ಪೋಸ್ಟ್‌ಗಳಲ್ಲಿ ಒಂದನ್ನು ತೆಗೆದುಕೊಳ್ಳೋಣ. ಹುಲ್ಲಿನ ಮೇಲೆ ಸಾಲಾಗಿ ಜೋಡಿಸಿದ ಬಾದಾಮಿ, ತೊಟ್ಟಿನ ಬಳಿ ಇನ್ನೂ ತಿಳಿ ಹಸಿರು, ಹಿಂದೆ ರಟ್ಟಿನ ಬಾಕ್ಸ್. ಚಿತ್ರ ಚೆನ್ನಾಗಿದೆ. ಅದರ ಮೇಲೆ ದಪ್ಪ ಅಕ್ಷರಗಳಲ್ಲಿ ತೋಟದ ಹೆಸರು, ಊರು, ತಳಿ, ಬಾಕ್ಸಿನ ತೂಕ, ಬೆಲೆ, ದೂರವಾಣಿ ಸಂಖ್ಯೆ ಎಲ್ಲವೂ ಇದೆ. ಕೆಳಗಿನ ಕ್ಯಾಪ್ಷನ್‌ನಲ್ಲಿ ಇರುವುದು ಇಷ್ಟು: ‘ಸಿಹಿ ಸುಗ್ಗಿ ಬಂತು! ಆರ್ಡರ್‌ಗೆ ಮೆಸೇಜ್ ಮಾಡಿ.’ ಹೃದಯದ ಚಿಹ್ನೆ ಮೂರು. ಹುಡುಕಾಟದ ದೃಷ್ಟಿಯಲ್ಲಿ ಇದು ಅಂಗಡಿಯ ಬೋರ್ಡನ್ನು ಒಳಗೋಡೆಗೆ ತಗುಲಿಹಾಕಿದಂತೆ. ಮಾವು ಎಂಬ ಪದ ಇಲ್ಲ, ಕೋಲಾರ ಇಲ್ಲ, ಬಾದಾಮಿ ಇಲ್ಲ, ಬೆಂಗಳೂರು ಇಲ್ಲ. ಚಿತ್ರದೊಳಗಿನ ಅಕ್ಷರಗಳನ್ನು ಓದುವ ತಂತ್ರಜ್ಞಾನ ಇದೆ, ನಿಜ. ಆದರೆ ಹಣ್ಣಿನ ಹಿನ್ನೆಲೆಯ ಮೇಲೆ ಅಲಂಕಾರಿಕ ಕನ್ನಡ ಅಕ್ಷರಗಳನ್ನು ಅದು ಸರಿಯಾಗಿ ಓದೀತೆಂದು ನೆಚ್ಚಿ ವ್ಯಾಪಾರ ಮಾಡುವುದು ಬೇಡ. ಅದೇ ಪೋಸ್ಟಿಗೆ ನಾನು ಬರೆಯುವುದಾದರೆ ಹೀಗೆ ಬರೆಯುತ್ತೇನೆ:

‘ಕೋಲಾರ ಜಿಲ್ಲೆ ಶ್ರೀನಿವಾಸಪುರದ ನಮ್ಮ ತೋಟದ ಬಾದಾಮಿ ಮಾವಿನ ಹಣ್ಣು ಕೊಯ್ಲಿಗೆ ಬಂದಿದೆ. ಅಲ್ಫಾನ್ಸೊ ಎಂದು ಕೇಳುವವರಿಗೂ ಇದೇ ಹಣ್ಣು. ಹುಲ್ಲಿನಲ್ಲಿ ಮಾಗಿಸುತ್ತೇವೆ, ಕಾರ್ಬೈಡ್ ಬಳಸುವುದಿಲ್ಲ. ಮೂರು ಕೆಜಿ ಬಾಕ್ಸ್. ಬೆಂಗಳೂರಿಗೆ ಬುಧವಾರ ಮತ್ತು ಶನಿವಾರ ಮನೆಗೆ ತಲುಪಿಸುತ್ತೇವೆ.’

ಇದರ ಕೆಳಗೆ ಇದನ್ನೇ ಇಂಗ್ಲಿಷಿನಲ್ಲಿ ಎರಡು ಸಾಲು. ಇದರಲ್ಲಿ ಕವಿತ್ವವಿಲ್ಲ, ಒಪ್ಪಿದೆ. ಕವಿತ್ವ ಬೇಕೆನಿಸಿದರೆ ಕೊನೆಯ ಸಾಲಿಗೆ ಇಟ್ಟುಕೊಳ್ಳಿ. ಈ ಪದಗಳು ಕ್ಯಾಪ್ಷನ್‌ನಲ್ಲೇ ಇರಬೇಕು. ಮೊದಲ ಕಾಮೆಂಟಿನಲ್ಲಿ ಹಾಕಿದರೆ ಹುಡುಕಾಟಕ್ಕೆ ಉಪಯೋಗವಿಲ್ಲ ಎಂದು ಇನ್‌ಸ್ಟಾಗ್ರಾಂ ಸ್ಪಷ್ಟವಾಗಿ ಹೇಳಿದೆ. ಹಳೆಯ ಪೋಸ್ಟ್‌ಗಳನ್ನು ಅಳಿಸಬೇಕಿಲ್ಲ. ಮೂರು ಚುಕ್ಕೆ ಒತ್ತಿ ಕ್ಯಾಪ್ಷನ್ ತಿದ್ದಬಹುದು. ಚೆನ್ನಾಗಿ ಓಡಿದ ಹತ್ತು, ಹದಿನೈದು ಪೋಸ್ಟ್‌ಗಳಿಗೆ ಮಾತ್ರ ಈ ಕೆಲಸ ಮಾಡಿದರೆ ಸಾಕು.

ನಿಮ್ಮ ಇನ್ನೊಂದು ಪೋಸ್ಟ್ ನೋಡಿದಾಗ ನನಗೆ ಕೋಲಾರದ ಅರ್ಧ ವ್ಯಾಪಾರಿಗಳು ನೆನಪಾದರು. ಮುದ್ರಣಾಲಯದವರು ಮಾಡಿಕೊಟ್ಟ ಕರಪತ್ರದ ಪಠ್ಯವನ್ನು ಹಾಗೇ ನಕಲು ಮಾಡಿ ಫೇಸ್‌ಬುಕ್‌ಗೆ ಅಂಟಿಸಿದ್ದೀರಿ. ಅಲ್ಲಿ ಕಾಣುತ್ತಿರುವುದು ಕನ್ನಡವೂ ಅಲ್ಲದ ಇಂಗ್ಲಿಷೂ ಅಲ್ಲದ ಕಲಸುಮೇಲೋಗರ. ಕಾರಣ ಸರಳ. ನಮ್ಮ ಮುದ್ರಣಾಲಯಗಳಲ್ಲಿ ಇಂದಿಗೂ ನುಡಿ, ಬರಹ ತಂತ್ರಾಂಶಗಳ ಹಳೆಯ ಆಸ್ಕಿ ಅಕ್ಷರಶೈಲಿಗಳೇ ಹೆಚ್ಚು ಬಳಕೆಯಲ್ಲಿವೆ. ಅವುಗಳಲ್ಲಿ ಕಂಪ್ಯೂಟರ್ ಒಳಗೆ ಇಂಗ್ಲಿಷ್ ಸಂಕೇತಗಳನ್ನೇ ಇಟ್ಟುಕೊಂಡು ಪರದೆಯ ಮೇಲೆ ಕನ್ನಡದ ರೂಪ ತೋರಿಸುತ್ತದೆ. ಆ ಅಕ್ಷರಶೈಲಿ ಇಲ್ಲದ ಕಡೆ ಅದರ ಬಣ್ಣ ಬಯಲಾಗುತ್ತದೆ. ಹುಡುಕಾಟಕ್ಕೆ ಯೂನಿಕೋಡ್ ಕನ್ನಡವೇ ಬೇಕು, ಅಂದರೆ ಕನ್ನಡದ ಅಕ್ಷರಗಳಿಗೆ ಕನ್ನಡದ್ದೇ ಸಂಕೇತ ಇರುವ ಬರಹ. ಮೊಬೈಲ್‌ನ ಕನ್ನಡ ಕೀಲಿಮಣೆಯಲ್ಲಿ ಬರೆದದ್ದೆಲ್ಲ ಯೂನಿಕೋಡ್. ಮುದ್ರಣಾಲಯದವರನ್ನು ಕೇಳಿದರೆ ಪರಿವರ್ತಿಸಿಯೂ ಕೊಡುತ್ತಾರೆ, ನುಡಿ ಮತ್ತು ಬರಹದಲ್ಲೇ ಆ ಸೌಲಭ್ಯವಿದೆ. ಇದೇ ಜಾತಿಯ ಇನ್ನೊಂದು ತೊಡಕು ನಿಮ್ಮ ಖಾತೆಯ ಹೆಸರಿನಲ್ಲಿದೆ. ಯಾವುದೋ ಆ್ಯಪ್‌ನಿಂದ ತಂದ ಬಳ್ಳಿಯಂಥ ‘ಸ್ಟೈಲಿಶ್’ ಇಂಗ್ಲಿಷ್ ಅಕ್ಷರಗಳಲ್ಲಿ ಅದನ್ನು ಬರೆದಿದ್ದೀರಿ. ಅವು ನೋಡಲು ಇಂಗ್ಲಿಷ್ ಅಕ್ಷರಗಳು, ಒಳಗೆ ಗಣಿತದ ಚಿಹ್ನೆಗಳು. ಸಾದಾ ಕೀಲಿಮಣೆಯಲ್ಲಿ ಟೈಪ್ ಮಾಡಿದ ಹೆಸರಿಗೂ ಅದಕ್ಕೂ ಹೊಂದಿಕೆ ಆಗದೆ ಹೋಗಬಹುದು. ದೃಷ್ಟಿದೋಷವಿರುವವರಿಗೆ ಪರದೆ ಓದಿ ಹೇಳುವ ತಂತ್ರಾಂಶಗಳೂ ಅಲ್ಲಿ ತಡವರಿಸುತ್ತವೆ. ಇವತ್ತೇ ತೆಗೆದುಹಾಕಿ.

ಹೆಸರಿನ ವಿಚಾರ ಬಂತಲ್ಲ, ನಿಮಗೆ ಅತಿ ಹೆಚ್ಚು ಲಾಭ ಕೊಡುವ ಬದಲಾವಣೆ ಅದೇ. ಇನ್‌ಸ್ಟಾಗ್ರಾಂನಲ್ಲಿ ಎರಡು ಹೆಸರುಗಳಿರುತ್ತವೆ. ಒಂದು ಬಳಕೆದಾರರ ಹೆಸರು, ಇನ್ನೊಂದು ಪ್ರೊಫೈಲಿನಲ್ಲಿ ದಪ್ಪ ಅಕ್ಷರದಲ್ಲಿ ಕಾಣುವ ಹೆಸರು. ಎರಡನ್ನೂ ಹುಡುಕಾಟ ನೋಡುತ್ತದೆ. ನೀವು ಎರಡರಲ್ಲೂ ಅಜ್ಜಿಯ ಹೆಸರಿನ ಮುಂದೆ ‘ಫಾರ್ಮ್ಸ್’ ಎಂದಷ್ಟೇ ಹಾಕಿದ್ದೀರಿ. ಅಜ್ಜಿಯ ಹೆಸರು ಬಳಕೆದಾರರ ಹೆಸರಿನಲ್ಲಿ ಇರಲಿ. ದಪ್ಪ ಅಕ್ಷರದ ಹೆಸರಿನಲ್ಲಿ ಅದರ ಜೊತೆಗೆ ‘ಕೋಲಾರ ಮಾವು’ ಸೇರಲಿ, ಇಂಗ್ಲಿಷ್ ಅಕ್ಷರಗಳಲ್ಲಿ. ಈ ಹೆಸರನ್ನು ಹದಿನಾಲ್ಕು ದಿನಗಳಲ್ಲಿ ಎರಡು ಸಲ ಮಾತ್ರ ಬದಲಾಯಿಸಬಹುದಾದ್ದರಿಂದ ಕಾಗುಣಿತ ನೋಡಿಕೊಂಡು ಹಾಕಿ. ಬಯೋದಲ್ಲಿ ‘ಪ್ರಕೃತಿಯ ಮಡಿಲಿಂದ’ ಎಂದು ಬರೆದಿರುವ ಜಾಗದಲ್ಲಿ ತಾಲ್ಲೂಕು, ಜಿಲ್ಲೆ, ತಳಿಗಳು, ಬೆಂಗಳೂರಿಗೆ ಡೆಲಿವರಿ ಎಂದು ಬರೆಯಿರಿ.

ಕನ್ನಡವೋ ಇಂಗ್ಲಿಷೋ ಎಂಬ ಪ್ರಶ್ನೆಗೆ ನನ್ನ ಉತ್ತರ: ಎರಡೂ, ಮತ್ತು ಯಾವುದು ಎಲ್ಲಿ ಎಂಬುದು ಮುಖ್ಯ. ಕೊಳ್ಳುವವರು ಬೆಂಗಳೂರಿನವರು. ಅವರಲ್ಲಿ ಕನ್ನಡಿಗರಲ್ಲದವರೂ ಬಹಳ. ಮನೆಯಲ್ಲಿ ಕನ್ನಡ ಮಾತಾಡುವವರೂ ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರಗಳಿಗೆ ಹೋಗುತ್ತಾರೆ. ಹಾಗೆಂದು ಕನ್ನಡ ಲಿಪಿ ಬಿಡುವ ಹಾಗಿಲ್ಲ. 2017ರಿಂದ ಗೂಗಲ್‌ಗೆ ಕನ್ನಡದಲ್ಲಿ ಮಾತಾಡಿಯೇ ಹುಡುಕಬಹುದು. ಹಾಗೆ ಆಡಿದ ಮಾತು ಕನ್ನಡ ಲಿಪಿಯಲ್ಲೇ ಪೆಟ್ಟಿಗೆಗೆ ಬೀಳುತ್ತದೆ. ಟೈಪ್ ಮಾಡಲು ಬೇಸರಪಡುವ ಹಿರಿಯರು ಹುಡುಕುವುದು ಹೀಗೆಯೇ. ಕನ್ನಡ ಲಿಪಿಯಲ್ಲಿ ಬರೆಯುವ ಮಾರಾಟಗಾರರು ಕಡಿಮೆ ಇರುವುದರಿಂದ ಅಲ್ಲಿ ಪೈಪೋಟಿಯೂ ಕಡಿಮೆ.

ಇದಕ್ಕಿಂತ ಸಿಕ್ಕಾದದ್ದು ಹಣ್ಣಿನ ಹೆಸರು. ನೀವು ಬಾದಾಮಿ ಎನ್ನುತ್ತೀರಿ, ಹೊರಗಿನಿಂದ ಬಂದವರು ಅಲ್ಫಾನ್ಸೊ ಎನ್ನುತ್ತಾರೆ, ಮುಂಬೈ ಕಡೆಯವರು ಹಾಪೂಸ್ ಎನ್ನುತ್ತಾರೆ. ನಿಮ್ಮ ಕಡೆ ಬೇನಿಷಾ ಎಂದು ಮಂಡಿಯಲ್ಲಿ ಕೂಗುವ ಹಣ್ಣನ್ನು ಬೆಂಗಳೂರಿನವರು ಬಂಗನಪಲ್ಲಿ ಎಂದೇ ಕೇಳುವುದು. ತೋತಾಪುರಿಗೆ ಗಿಣಿಮೂತಿ ಎನ್ನುವವರೂ ಇದ್ದಾರೆ. ಎಲ್ಲ ಹೆಸರುಗಳನ್ನೂ ಒಂದೇ ಪೋಸ್ಟಿಗೆ ತುರುಕಬೇಡಿ. ಓದುವವರಿಗೆ ಅದು ಪಂಚಾಂಗದಂತೆ ಕಾಣುತ್ತದೆ, ಸ್ಪ್ಯಾಮ್ ಎನಿಸಿದರೂ ಎನಿಸಬಹುದು. ಒಂದು ಪೋಸ್ಟಿನಲ್ಲಿ ಒಂದು ತಳಿ, ಅದಕ್ಕೆ ಇರುವ ಎರಡು ಹೆಸರು, ಒಂದು ಊರು. ಊರಿನ ಹೆಸರಿನ ವಿಚಾರದಲ್ಲೂ ಅಷ್ಟೇ. ಶ್ರೀನಿವಾಸಪುರವನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಮೂರು, ನಾಲ್ಕು ಥರ ಬರೆಯುತ್ತಾರೆ. ಗೂಗಲ್ ಇಂಥ ವ್ಯತ್ಯಾಸವನ್ನು ಬಹುಮಟ್ಟಿಗೆ ಸಂಭಾಳಿಸುತ್ತದೆ; ಇನ್‌ಸ್ಟಾಗ್ರಾಂ ಒಳಗಿನ ಹುಡುಕಾಟ ನನ್ನ ಅನುಭವದಲ್ಲಿ ಅಷ್ಟು ಉದಾರಿಯಲ್ಲ. ಬೆಂಗಳೂರಿನವರಿಗೆ ತಾಲ್ಲೂಕಿನ ಹೆಸರು ತಿಳಿದಿರುವುದೂ ಅಪರೂಪ. ಆದ್ದರಿಂದ ‘ಕೋಲಾರ’ ಎಲ್ಲ ಕಡೆ ಇರಲಿ, ‘ಶ್ರೀನಿವಾಸಪುರ’ ಅದರ ಜೊತೆಗಿರಲಿ.

ಇನ್ನು ಗೂಗಲ್. ಇನ್‌ಸ್ಟಾಗ್ರಾಂ ಪೋಸ್ಟ್‌ಗಳು ಗೂಗಲ್‌ಗೆ ಸಿಗುವುದೇ ಇಲ್ಲ ಎಂಬ ಮಾತು ಹಿಂದೆ ಬಹುಮಟ್ಟಿಗೆ ಸರಿಯಿತ್ತು. 2025ರ ಜುಲೈನಿಂದ ಅದು ಬದಲಾಗಿದೆ. ಹದಿನೆಂಟು ವರ್ಷ ದಾಟಿದವರ ಸಾರ್ವಜನಿಕ ವೃತ್ತಿಪರ ಖಾತೆಗಳ, ಅಂದರೆ ಬಿಸಿನೆಸ್ ಮತ್ತು ಕ್ರಿಯೇಟರ್ ಖಾತೆಗಳ, ಫೋಟೊ ಹಾಗೂ ವಿಡಿಯೊಗಳನ್ನು ಗೂಗಲ್‌ನಂಥ ಹುಡುಕು ತಾಣಗಳು ತಮ್ಮ ಪಟ್ಟಿಗೆ ಸೇರಿಸಿಕೊಳ್ಳಲು ಇನ್‌ಸ್ಟಾಗ್ರಾಂ ಅವಕಾಶ ಕೊಟ್ಟಿತು. ನಿಮ್ಮದು ಇನ್ನೂ ವೈಯಕ್ತಿಕ ಖಾತೆ. ಸೆಟ್ಟಿಂಗ್ಸ್‌ನಲ್ಲಿ ಅದನ್ನು ಬಿಸಿನೆಸ್ ಖಾತೆಯಾಗಿ ಬದಲಾಯಿಸಿ, ದುಡ್ಡೇನೂ ಇಲ್ಲ. ಬಳಿಕ ಖಾತೆಯ ಗೋಪ್ಯತೆ ಎಂಬಲ್ಲಿ, ಸಾರ್ವಜನಿಕ ಫೋಟೊ, ವಿಡಿಯೊಗಳು ಹುಡುಕು ತಾಣಗಳಲ್ಲಿ ಕಾಣಿಸಬಹುದು ಎಂಬ ಆಯ್ಕೆ ಚಾಲೂ ಇದೆಯೇ ನೋಡಿ.

ಇದನ್ನು ಮಾಡುವ ಮೊದಲು ಒಂದು ಸಂಜೆ ಕುಳಿತು ಹಳೆಯ ಪೋಸ್ಟ್‌ಗಳನ್ನೆಲ್ಲ ಕೆಳಗಿನವರೆಗೆ ನೋಡಿ. 2020ರ ಜನವರಿಯಿಂದೀಚಿನ ಪೋಸ್ಟ್‌ಗಳಿಗೆಲ್ಲ ಈ ಅವಕಾಶ ಅನ್ವಯಿಸುತ್ತದೆ. ನಿಮ್ಮದು ಮೊದಲು ಮನೆಯ ಖಾತೆಯಾಗಿದ್ದು ಆಮೇಲೆ ತೋಟದ ಖಾತೆಯಾದದ್ದು. ಮಗಳ ಶಾಲಾ ಸಮವಸ್ತ್ರದ ಫೋಟೊ, ಶಾಲೆಯ ಹೆಸರು ಕಾಣುವಂತೆ, ಇನ್ನೂ ಅಲ್ಲೇ ಇದೆ. ಮಾವಿನ ಹಣ್ಣು ಹುಡುಕಿ ಬಂದ ಅಪರಿಚಿತರ ಕಣ್ಣಿಗೆ ಅದು ಬೀಳಬೇಕೇ? ಆರ್ಕೈವ್‌ಗೆ ಕಳುಹಿಸಿ, ಅಳಿಸಿದಂತಾಗುವುದಿಲ್ಲ, ನಿಮಗೆ ಮಾತ್ರ ಕಾಣುತ್ತದೆ. ಒಮ್ಮೆ ವೃತ್ತಿಪರ ಖಾತೆಯಾದರೆ ಅದನ್ನು ಪ್ರೈವೇಟ್ ಮಾಡಲು ಬರುವುದಿಲ್ಲ ಎಂಬುದೂ ನೆನಪಿರಲಿ. ರೀಲ್‌ಗೆ ಹಾಕುವ ಸಿನಿಮಾ ಹಾಡುಗಳಲ್ಲಿ ಕೆಲವು ಬಿಸಿನೆಸ್ ಖಾತೆಗೆ ಸಿಗುವುದಿಲ್ಲ. ನಿಮ್ಮ ಮೈದುನನಿಗೆ ಇದು ದೊಡ್ಡ ನಷ್ಟವೆನಿಸಬಹುದು, ಹಣ್ಣಿನ ವ್ಯಾಪಾರಕ್ಕೆ ಅಲ್ಲ.

ಗೂಗಲ್‌ನ ಪಟ್ಟಿಗೆ ಸೇರಿದ ಮಾತ್ರಕ್ಕೆ ಮೊದಲ ಪುಟಕ್ಕೆ ಬಂದಿರಿ ಎಂದಲ್ಲ. ಅದಕ್ಕಿಂತ ನೆಟ್ಟಗಿನ ದಾರಿ ಗೂಗಲ್ ಬಿಸಿನೆಸ್ ಪ್ರೊಫೈಲ್, ಮ್ಯಾಪ್‌ನಲ್ಲಿ ಅಂಗಡಿಗಳ ಹೆಸರು, ದೂರವಾಣಿ, ವಿಮರ್ಶೆ ಕಾಣಿಸುತ್ತದಲ್ಲ, ಅದು. ಇದೂ ಉಚಿತ. ನಿಮ್ಮ ಹಳೆಯ ಗ್ರಾಹಕರಿಗೆ ಹೆಸರು ಅರ್ಧ ನೆನಪಿತ್ತು, ಖಾತೆ ಸಿಗಲಿಲ್ಲ. ಮ್ಯಾಪ್‌ನಲ್ಲಿ ಇದ್ದಿದ್ದರೆ ಬಹುಶಃ ಸಿಗುತ್ತಿದ್ದಿರಿ. ಮನೆಯ ವಿಳಾಸ ತೋರಿಸುವುದು ಬೇಡವೆಂದರೆ ಅದನ್ನು ಮರೆಮಾಡಿ, ನೀವು ಹಣ್ಣು ತಲುಪಿಸುವ ಪ್ರದೇಶಗಳನ್ನಷ್ಟೇ ಹಾಕಬಹುದು, ಇಪ್ಪತ್ತರವರೆಗೆ. ದೃಢೀಕರಣಕ್ಕೆ ಸಾಮಾನ್ಯವಾಗಿ ವಿಡಿಯೊ ಕೇಳುತ್ತಾರೆ: ರಸ್ತೆ, ತೋಟ, ಬಾಕ್ಸ್ ಕಟ್ಟುವ ಜಾಗ ಎಲ್ಲ ಒಂದೇ ಓಟದಲ್ಲಿ ಕಾಣಬೇಕು. ಮಾರ್ಚ್‌ನಲ್ಲೇ ಅರ್ಜಿ ಹಾಕಿ; ಕೊಯ್ಲಿನ ಗಡಿಬಿಡಿಯಲ್ಲಿ ಈ ಕೆಲಸ ಆಗುವುದಿಲ್ಲ. ಹಂಗಾಮು ಮುಗಿದ ಮೇಲೆ ‘ತಾತ್ಕಾಲಿಕವಾಗಿ ಮುಚ್ಚಿದೆ’ ಎಂದು ಗುರುತು ಹಾಕಿ, ಇಲ್ಲವಾದರೆ ಅಕ್ಟೋಬರ್‌ನಲ್ಲಿ ಕರೆ ಮಾಡಿದವರು ಸಿಟ್ಟಿನಿಂದ ಒಂದು ನಕ್ಷತ್ರ ಕೊಟ್ಟು ಹೋಗುತ್ತಾರೆ.

ಇದರ ಮಿತಿಯನ್ನೂ ಹೇಳಬೇಕು. ಮ್ಯಾಪ್‌ನಲ್ಲಿ ಯಾರು ಮೇಲೆ ಎಂಬುದನ್ನು ಗೂಗಲ್ ಮೂರು ಸಂಗತಿಗಳಿಂದ ತೀರ್ಮಾನಿಸುತ್ತದೆ: ಹುಡುಕಿದ್ದಕ್ಕೆ ನೀವು ಎಷ್ಟು ಹೊಂದುತ್ತೀರಿ, ಎಷ್ಟು ದೂರದಲ್ಲಿದ್ದೀರಿ, ಎಷ್ಟು ಹೆಸರುವಾಸಿ. ವೈಟ್‌ಫೀಲ್ಡ್‌ನಲ್ಲಿ ಕುಳಿತು ‘ಹತ್ತಿರದ ಮಾವಿನ ಅಂಗಡಿ’ ಎಂದು ಕೇಳಿದವರಿಗೆ ಶ್ರೀನಿವಾಸಪುರದ ತೋಟ ಬರುವುದು ಕಷ್ಟ. ‘ಕೋಲಾರದ ತೋಟದಿಂದ ನೇರ ಮಾವು’ ಎಂದು ಕೇಳಿದವರಿಗೆ, ಚಿಂತಾಮಣಿ ಕಡೆಗೆ ಕಾರಿನಲ್ಲಿ ಹೊರಟವರಿಗೆ, ನಿಮ್ಮ ಹೆಸರೇ ಹಾಕಿ ಹುಡುಕುವವರಿಗೆ ನೀವು ಸಿಗುತ್ತೀರಿ. ಮೇಲೆ ಬರುವ ಆಸೆಗೆ ಪ್ರೊಫೈಲ್ ಹೆಸರಿನಲ್ಲಿ ‘ಅತ್ಯುತ್ತಮ ಸಾವಯವ ಮಾವು ಬೆಂಗಳೂರು’ ಎಂದೆಲ್ಲ ಸೇರಿಸಬೇಡಿ. ವ್ಯಾಪಾರದ ನಿಜವಾದ ಹೆಸರಷ್ಟೇ ಇರಬೇಕೆಂಬ ನಿಯಮವಿದೆ, ಮುರಿದರೆ ಪ್ರೊಫೈಲ್ ಅಮಾನತಾಗಬಹುದು. ಇನ್‌ಸ್ಟಾಗ್ರಾಂ ಹೆಸರಿಗೆ ನಾನು ಹೇಳಿದ ಉಪಾಯ ಇಲ್ಲಿಗೆ ಅನ್ವಯಿಸುವುದಿಲ್ಲ. ರಿಯಾಯಿತಿ ಕೊಟ್ಟು ವಿಮರ್ಶೆ ಬರೆಸುವುದೂ ನಿಯಮಕ್ಕೆ ವಿರುದ್ಧ. ಬಾಕ್ಸಿನೊಳಗೆ ಒಂದು ಚೀಟಿಯಿಟ್ಟು, ಹಣ್ಣು ಹೇಗಿತ್ತೆಂದು ಬರೆಯಿರಿ ಎಂದು ಕೇಳುವುದಕ್ಕೆ ಅಡ್ಡಿಯಿಲ್ಲ. ತಳಿಯ ಹೆಸರು, ಬಡಾವಣೆಯ ಹೆಸರು ಅವರ ಮಾತಿನಲ್ಲೇ ಬಂದರೆ ಅದಕ್ಕಿಂತ ಒಳ್ಳೆಯ ಕ್ಯಾಪ್ಷನ್ ನಾವು ಬರೆಯಲಾರೆವು.

ಉಳಿದ ವೇದಿಕೆಗಳನ್ನು ಬೇಗ ಮುಗಿಸುತ್ತೇನೆ. ಫೇಸ್‌ಬುಕ್‌ನಲ್ಲಿ ನಿಮ್ಮ ವೈಯಕ್ತಿಕ ಪ್ರೊಫೈಲಿನಿಂದ ‘ಫ್ರೆಂಡ್ಸ್’ಗೆ ಮಾತ್ರ ಕಾಣುವಂತೆ ಹಾಕುತ್ತಿದ್ದೀರಿ, ಪೇಜ್ ಮಾಡಿ, ಸಾರ್ವಜನಿಕವಾಗಿ ಹಾಕಿ. ವಾಟ್ಸ್ಆ್ಯಪ್ ಸ್ಟೇಟಸ್ ಇಪ್ಪತ್ತನಾಲ್ಕು ಗಂಟೆಗೆ ಮಾಯವಾಗುತ್ತದೆ, ಗೂಗಲ್‌ಗೆ ಅದು ಕಾಣುವುದೂ ಇಲ್ಲ. ಹಳೆಯ ಗ್ರಾಹಕರನ್ನು ನೆನಪಿಸಲು ಅದು ಒಳ್ಳೆಯದು, ಹೊಸಬರಿಗೆ ಸಿಗಲು ಪ್ರಯೋಜನವಿಲ್ಲ. ಇನ್‌ಸ್ಟಾಗ್ರಾಂ ಸ್ಟೋರಿಯೂ ಒಂದು ದಿನದ್ದೇ.

ಯೂಟ್ಯೂಬ್ ಬಗ್ಗೆ ನೀವು ಕೇಳಿಲ್ಲ, ಆದರೆ ನಿಮಗೆ ಸಮಯವಿದ್ದರೆ ಅಲ್ಲಿ ಎರಡು ವಿಡಿಯೊ ಮಾಡಿ ಎಂದು ನಾನು ಒತ್ತಾಯಿಸುತ್ತೇನೆ. ಇನ್‌ಸ್ಟಾಗ್ರಾಂ ಪೋಸ್ಟ್ ವಾರದಲ್ಲಿ ಹಳತಾಗುತ್ತದೆ. ‘ಕಾರ್ಬೈಡ್ ಹಾಕಿದ ಮಾವನ್ನು ಹೇಗೆ ಅನುಮಾನಿಸುವುದು’, ‘ಬಾದಾಮಿಯನ್ನು ಮನೆಯಲ್ಲಿ ಹುಲ್ಲಿನಲ್ಲಿ ಮಾಗಿಸುವುದು ಹೇಗೆ’ ಎಂಬಂಥ ವಿಡಿಯೊಗಳನ್ನು ಜನ ಪ್ರತಿ ಬೇಸಿಗೆಯಲ್ಲೂ ಹುಡುಕುತ್ತಾರೆ. ಶೀರ್ಷಿಕೆಯಲ್ಲಿ ಆ ಪ್ರಶ್ನೆಯೇ ಇರಲಿ, ವಿವರಣೆಯ ಮೊದಲ ಎರಡು ಸಾಲಿನಲ್ಲಿ ತೋಟ, ಊರು, ತಳಿ ಬರಲಿ. ‘ಟ್ಯಾಗ್ಸ್’ ಎಂಬ ಪೆಟ್ಟಿಗೆಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ, ಅದರ ಪಾತ್ರ ಬಹಳ ಚಿಕ್ಕದೆಂದು ಯೂಟ್ಯೂಬ್ ಹೇಳುತ್ತದೆ. ಜನ ಕಾಗುಣಿತ ತಪ್ಪಿ ಬರೆಯುವ ಹೆಸರುಗಳಿಗೆ ಮಾತ್ರ ಅದು ಉಪಯೋಗ. ಶ್ರೀನಿವಾಸಪುರದ ನಾಲ್ಕು ಕಾಗುಣಿತಗಳಿಗೆ ಅದೇ ಸರಿಯಾದ ಜಾಗ.

ಪದಗಳ ವಿಚಾರದಲ್ಲಿ ಒಂದು ಎಚ್ಚರ. ‘ಸಾವಯವ’ ಎಂಬುದನ್ನು ಜನ ಹೆಚ್ಚು ಹುಡುಕುತ್ತಾರೆಂದು ಪ್ರಮಾಣಪತ್ರವಿಲ್ಲದೆ ಬರೆಯಬೇಡಿ. ಹೂವಿನ ಹಂತದಲ್ಲಿ ಔಷಧಿ ಹೊಡೆದಿದ್ದರೆ ಅದು ಸುಳ್ಳೂ ಆಗುತ್ತದೆ. ‘ಕಾರ್ಬೈಡ್ ಬಳಸಿಲ್ಲ’ ಎನ್ನುವುದು ನೀವು ಎದೆ ತಟ್ಟಿ ಹೇಳಬಹುದಾದ ಮಾತು. ಕ್ಯಾಲ್ಸಿಯಂ ಕಾರ್ಬೈಡ್‌ನಿಂದ ಹಣ್ಣು ಮಾಗಿಸುವುದನ್ನು ಆಹಾರ ಸುರಕ್ಷತಾ ನಿಯಮಗಳು ನಿಷೇಧಿಸಿವೆ, ಕೊಳ್ಳುವವರ ನಿಜವಾದ ಹೆದರಿಕೆಯೂ ಅದರದ್ದೇ.

ಸುಲಭವಾಗಿ ಸಿಗುವವರು ಕಳ್ಳರಿಗೂ ಸಿಗುತ್ತಾರೆ. ದೂರವಾಣಿ ಸಂಖ್ಯೆ ಸಾರ್ವಜನಿಕವಾದ ಕೆಲವೇ ದಿನಗಳಲ್ಲಿ ಸೇನೆಯ ಅಧಿಕಾರಿ ಎಂದು ಹೇಳಿಕೊಳ್ಳುವವರು ‘ಕ್ಯಾಂಪಿಗೆ ಐವತ್ತು ಬಾಕ್ಸ್ ಬೇಕು, ಮುಂಗಡ ಕಳುಹಿಸುತ್ತೇನೆ, ಈ ಕ್ಯುಆರ್ ಕೋಡ್ ಸ್ಕ್ಯಾನ್ ಮಾಡಿ’ ಎಂದು ಕರೆ ಮಾಡಬಹುದು. ಯುಪಿಐನಲ್ಲಿ ದುಡ್ಡು ಪಡೆಯಲು ಪಿನ್ ಹಾಕಬೇಕಿಲ್ಲ, ಕೋಡ್ ಸ್ಕ್ಯಾನ್ ಮಾಡಬೇಕಿಲ್ಲ. ಪಿನ್ ಕೇಳಿತೆಂದರೆ ದುಡ್ಡು ಹೋಗುತ್ತಿದೆ ಎಂದೇ ಅರ್ಥ. ಮೋಸ ಹೋದದ್ದು ತಿಳಿದ ಕೂಡಲೇ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ. ವ್ಯಾಪಾರಕ್ಕೆ ಬೇರೆ ಸಿಮ್, ಅದಕ್ಕೆ ಜೋಡಿಸಿದ, ಹೆಚ್ಚು ಹಣ ಇಡದ ಬೇರೆ ಬ್ಯಾಂಕ್ ಖಾತೆ ಇಟ್ಟುಕೊಳ್ಳುವುದು ಇನ್ನೂ ಒಳ್ಳೆಯದು.

ಈಗ ಏಜೆನ್ಸಿ. ಗೂಗಲ್‌ನಲ್ಲಿ ಮೊದಲ ಸ್ಥಾನವನ್ನು ಯಾರೂ ಖಾತರಿ ಕೊಡಲಾರರು ಎಂದು ಗೂಗಲ್ಲೇ ಹೇಳುತ್ತದೆ. ಮ್ಯಾಪ್ ಪಟ್ಟಿಯಲ್ಲಿ ಮೇಲೇರಲು ದುಡ್ಡು ಕಟ್ಟುವ ದಾರಿಯೂ ಇಲ್ಲ. ಇಂಥ ಗ್ಯಾರಂಟಿಗಳ ಹಿಂದೆ ನಾನು ಕಂಡದ್ದು ಎರಡು ಬಗೆ. ನಿಮ್ಮ ತೋಟದ ಹೆಸರನ್ನೇ ಹಾಕಿ ಹುಡುಕಿ, ಮೊದಲು ಬಂದದ್ದನ್ನು ತೋರಿಸುತ್ತಾರೆ. ಆ ಹೆಸರಿಗೆ ಬೇರೆ ಪೈಪೋಟಿಯೇ ಇರುವುದಿಲ್ಲ. ಇಲ್ಲವೇ ಹಂಗಾಮಿನಲ್ಲಿ ಜಾಹೀರಾತು ಹಾಕಿ, ಅದು ಮೇಲೆ ಕಾಣುವುದನ್ನು ‘ರ‍್ಯಾಂಕಿಂಗ್’ ಎನ್ನುತ್ತಾರೆ. ದುಡ್ಡು ನಿಂತ ದಿನ ಅದೂ ನಿಲ್ಲುತ್ತದೆ. ಜಾಹೀರಾತು ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಬೆಂಗಳೂರಿನ ನಾಲ್ಕು ಬಡಾವಣೆಗಳಿಗೆ, ಕೊಯ್ಲಿನ ಎರಡು ವಾರಗಳಿಗೆ, ನಿಮ್ಮ ಕೈಯಿಂದಲೇ ಸಣ್ಣ ಮೊತ್ತ ಹಾಕಿ ನೋಡಬಹುದು. ಏಜೆನ್ಸಿಯನ್ನೇ ಗೊತ್ತು ಮಾಡುವುದಾದರೆ ಖಾತೆಗಳ ಒಡೆತನ ಮತ್ತು ಪಾಸ್‌ವರ್ಡ್ ನಿಮ್ಮಲ್ಲೇ ಇರಲಿ. ಬಿಲ್ ಬಾಕಿಯ ಜಗಳದಲ್ಲಿ ಮ್ಯಾಪ್ ಪ್ರೊಫೈಲ್ ಅವರ ಹೆಸರಿನಲ್ಲಿ ಉಳಿದು ಒದ್ದಾಡಿದವರಿದ್ದಾರೆ.

ಕೊನೆಯದು, ನೀವು ಕೇಳದೆ ಬಿಟ್ಟ ತೋತಾಪುರಿ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ನಮ್ಮ ಕಡೆಯ ತೋತಾಪುರಿ ಬರದಂತೆ ತಡೆದಾಗ ಬೆಲೆ ಪಾತಾಳ ಕಂಡಿತು, ಕೇಂದ್ರ ಸರ್ಕಾರ ಕ್ವಿಂಟಲ್‌ಗೆ 1,616 ರೂಪಾಯಿ ಆಧಾರದಲ್ಲಿ ಬೆಲೆ ವ್ಯತ್ಯಾಸ ಭರಿಸುವ ಯೋಜನೆ ತರಬೇಕಾಯಿತು. ಆ ಹಣ್ಣಿನ ದೊಡ್ಡ ಗಿರಾಕಿ ತಿರುಳು ತೆಗೆಯುವ ಕಾರ್ಖಾನೆ. ಲಾರಿಗಟ್ಟಲೆ ತೋತಾಪುರಿಯನ್ನು ಮೂರು ಕೆಜಿ ಬಾಕ್ಸ್ ಹುಡುಕುವವರಿಗೆ ಮಾರಲು ಯಾವ ಕ್ಯಾಪ್ಷನ್‌ನಿಂದಲೂ ಆಗದು. ಹುಡುಕಾಟ ಇರುವ ಬೇಡಿಕೆಯನ್ನು ನಿಮ್ಮ ಬಾಗಿಲಿಗೆ ತರಬಲ್ಲದು, ಇಲ್ಲದ ಬೇಡಿಕೆಯನ್ನು ಹುಟ್ಟಿಸಲಾರದು. ಈ ಎಲ್ಲ ಶ್ರಮವನ್ನು ಬಾದಾಮಿ, ರಸಪುರಿ, ಮಲ್ಲಿಕಾಗಳ ಮೇಲೆ ಹಾಕಿ. ತೋತಾಪುರಿಯಲ್ಲಿ ಉಪ್ಪಿನಕಾಯಿಗೆ, ಉಪ್ಪು ಖಾರ ಹಚ್ಚಿ ತಿನ್ನುವುದಕ್ಕೆ ಕೇಳುವವರಿಗೆ ಏಪ್ರಿಲ್‌ನಲ್ಲಿ ಕಾಯಿಯಾಗಿಯೇ ಒಂದೆರಡು ಪೋಸ್ಟ್ ಹಾಕಬಹುದು, ಅಷ್ಟೇ. ಲೈಕ್ ಎಣಿಸುವುದನ್ನು ಬಿಟ್ಟು, ಈ ಹಂಗಾಮಿನಲ್ಲಿ ಕರೆ ಮಾಡಿದ ಪ್ರತಿಯೊಬ್ಬರನ್ನೂ ‘ನಾವು ನಿಮಗೆ ಎಲ್ಲಿ ಸಿಕ್ಕೆವು, ಏನೆಂದು ಹುಡುಕಿದಿರಿ’ ಎಂದು ಕೇಳಿ, ಆರ್ಡರ್ ಬರೆಯುವ ಪುಸ್ತಕದಲ್ಲೇ ಪಕ್ಕಕ್ಕೆ ಬರೆದಿಡಿ. ಜುಲೈ ಕೊನೆಗೆ ಆ ಪಟ್ಟಿಯನ್ನು ನನಗೆ ಕಳುಹಿಸಿದರೆ ಮುಂದಿನ ವರ್ಷಕ್ಕೆ ಯಾವುದನ್ನು ಬಿಡಬೇಕು, ಯಾವುದನ್ನು ಬೆಳೆಸಬೇಕು ಎಂದು ನೋಡೋಣ.